ಕೊಡಲು ಬಾರದ ರಜೆ

ಫಯೆಟ್‌ವಿಲ್, ನಾರ್ತ್ ಕ್ಯಾರೊಲಿನಾ
ಶುಕ್ರವಾರ, 18 ಅಕ್ಟೋಬರ್ 1996

ಮುದ್ದಿನ ಕೋರಿ,

ಹೇಗಿದ್ದೀಯಮ್ಮ? ಫೋನಿನಲ್ಲಿ ಕೆಮ್ಮುತ್ತಿದ್ದೆ, ವಾಸಿಯಾಯಿತೇ? ಕೊರಿಯಾದ ಸೋಲ್‌ನಲ್ಲಿ ಆಗಲೇ ಚಳಿ ಬಿದ್ದಿದೆ ಎಂದು ಕೇಳಿದೆ. ಲೆಫ್ಟಿನೆಂಟ್ ಆದವರಿಗೂ ಎದೆಗೆ ಶೀತ ಹಿಡಿಯುತ್ತದೆ, ಮರೆಯಬೇಡ. ನಾನು ಕಳಿಸಿದ ಉಣ್ಣೆಯ ಬನಿಯನ್ ಸಮವಸ್ತ್ರದ ಒಳಗೆ ಹಾಕಿಕೋ, ಯಾರಿಗೂ ಕಾಣುವುದಿಲ್ಲ. ನಿಮ್ಮಪ್ಪ ಈ ವಾರ ಪರವಾಗಿಲ್ಲ. ಬೆಳಿಗ್ಗೆ ನಾನು ಬೇಯಿಸಿದ ಬಿಸಿ ಬಿಸ್ಕತ್ತನ್ನು ಗ್ರೇವಿಯ ಜೊತೆ ತಿಂದು ಮತ್ತೊಂದು ಕೇಳಿ ನನ್ನಿಂದ ಬೈಸಿಕೊಂಡರು. ಕೂದಲು ಇನ್ನೂ ಬಂದಿಲ್ಲ. ಚರ್ಚಿಗೆ ಟೋಪಿ ಹಾಕಿಕೊಂಡು ಹೋಗುತ್ತಾರೆ, ಪ್ರಾರ್ಥನೆಯ ಹೊತ್ತಿಗೆ ತೆಗೆಯಬೇಕಲ್ಲ ಎಂದು ಗೊಣಗುತ್ತಾರೆ.

ಹೋದ ಸಲ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಫೋನಿನಲ್ಲಿ ನಾವಿಬ್ಬರೂ ಅಳುತ್ತೇವೆ, ಮಾತು ಮುಂದೆ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಡರ್ಹಮ್‌ನ ವೈದ್ಯರು ಹೇಳಿದ್ದು ಇಷ್ಟು. ಅಪ್ಪನ ಮೂಳೆಯ ಮಜ್ಜೆಯನ್ನು ತೆಗೆದಿಟ್ಟು, ಬಲವಾದ ಔಷಧಿ ಕೊಟ್ಟು, ಆಮೇಲೆ ಅದನ್ನೇ ಮತ್ತೆ ಒಳಗೆ ಹಾಕುತ್ತಾರೆ. ಆಸ್ಪತ್ರೆಯಿಂದ ಬಿಟ್ಟ ಮೇಲೂ ಸುಮಾರು ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕು. ಅಷ್ಟೂ ದಿನ ಮನೆಯವರೊಬ್ಬರು ಹಗಲು ರಾತ್ರಿ ಜೊತೆಗಿರಬೇಕು. ಹಾಗೆ ಇರುವವರ ಹೆಸರು ಬರೆದುಕೊಡದಿದ್ದರೆ ಚಿಕಿತ್ಸೆ ಶುರುವೇ ಮಾಡುವುದಿಲ್ಲ. ನನ್ನ ರಜೆಯೆಲ್ಲ ವಸಂತದ ಚಿಕಿತ್ಸೆಯಲ್ಲೇ ಮುಗಿದಿತ್ತು. ಸಂಬಳವಿಲ್ಲದ ರಜೆ ಹಾಕಿದರೆ ಮನೆಯ ಕಂತು ಕಟ್ಟುವವರಿಲ್ಲ. ನೀನು ವರ್ಗಾವಣೆಗೆ ಅರ್ಜಿ ಹಾಕಿ ಬರುತ್ತೇನೆ ಎಂದೆ. ನಾನು ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ.

ಸೇನೆಯ ಬಜೆಟ್ ಕಚೇರಿಯಲ್ಲಿ ನನ್ನ ಕೈಕೆಳಗಿನ ವಿಭಾಗದ ಹುಡುಗಿಯರಿಗೆ ವಿಷಯ ಹೇಗೋ ತಿಳಿಯಿತು. ಹೇಗೋ ಏನು, ಟ್ವೈಲಾ ಬಾಯ್ಕಿನ್‌ಗೆ ತಿಳಿಯಿತು, ಅಲ್ಲಿಗೆ ಎಲ್ಲರಿಗೂ ತಿಳಿದಂತೆ. ಸಹೋದ್ಯೋಗಿಗೆ ಕಾಯಿಲೆಯ ಕಷ್ಟ ಬಂದರೆ ತಮ್ಮ ರಜೆಯನ್ನು ಬರೆದುಕೊಡಲು ಸರ್ಕಾರದಲ್ಲಿ ಅವಕಾಶವಿದೆಯಲ್ಲ, ಹಾಗೆ ಇಡೀ ವಿಭಾಗ ನನಗೆ ಗೊತ್ತಾಗದಂತೆ ರಜೆ ಬರೆದುಕೊಟ್ಟಿತ್ತು. ಸೆಪ್ಟೆಂಬರ್ ಕೊನೆಗೆ ಸರ್ಕಾರದ ವರ್ಷದ ಲೆಕ್ಕ ಮುಚ್ಚುವ ಗಡಿಬಿಡಿಯಲ್ಲೇ ಒಬ್ಬರ ಕಾಗದವನ್ನು ಒಬ್ಬರು ತಿದ್ದಿ, ಸಹಿ ನೋಡಿ, ದಿನಾಂಕ ನೋಡಿ ಕಳಿಸಿದ್ದರಂತೆ. ಎಲ್ಲವೂ ಹಾಗೆಯೇ ವಾಪಸ್ ಬಂದವು. ತನ್ನ ನೇರ ಮೇಲಧಿಕಾರಿಗೆ ಯಾರೂ ರಜೆ ಕೊಡುವಂತಿಲ್ಲ. ಎರಡು ವರ್ಷದ ಹಿಂದೆ ನಮ್ಮ ಹಣಕಾಸು ಸಂಘದ ಊಟದಲ್ಲಿ ಇದೇ ನಿಯಮದ ಮೇಲೆ ಭಾಷಣ ಮಾಡಿದವಳು ನಾನೇ! ಟ್ವೈಲಾ ಅಳುತ್ತಾ ನನ್ನ ಕೋಣೆಗೆ ಬಂದಳು. "ಮಿಸ್ ಒಡೆಸ್ಸಾ, ಪ್ರತಿಯೊಂದು ಸಾಲೂ ನೋಡಿದ್ವಿ. ಯಾರಿಗೆ ಕೊಡ್ತಿದೀವಿ ಅನ್ನೋದೊಂದನ್ನೇ ನೋಡ್ಲಿಲ್ಲ" ಎಂದಳು. ನಮ್ಮ ಕರ್ನಲ್ ಕೂಡ ಕೊಡಲು ಸಿದ್ಧರಿದ್ದರು. ಸಮವಸ್ತ್ರದವರ ರಜೆ ಬೇರೆ ಲೆಕ್ಕ, ನಮ್ಮಂಥ ನಾಗರಿಕ ನೌಕರರಿಗೆ ದಾಟುವುದಿಲ್ಲ. ನೀನೂ ಕೊಡಲಾರೆ, ಕೇಳುವ ಮೊದಲೇ ಹೇಳುತ್ತಿದ್ದೇನೆ.

ಸೇನೆಯ ಹಣಕಾಸು ನೋಡುವವರ ಸಂಘವನ್ನು ಚಿಕ್ಕವಳಿದ್ದಾಗ ನೀನು "ಅಮ್ಮನ ನಿದ್ದೆ ಸಂಘ" ಎನ್ನುತ್ತಿದ್ದೆ. ತಿಂಗಳಿಗೊಂದು ಊಟ, ಊಟದ ಮೇಲೆ ಹೊಸ ನಿಯಮದ ಪಾಠ, ಹಿಂದಿನ ಸಾಲಿನಲ್ಲಿ ತೂಕಡಿಕೆ. ನಿನ್ನೆ ಈ ತಿಂಗಳ ಊಟವಿತ್ತು. ಬಾರ್ಬೆಕ್ಯೂ ಹಂದಿಮಾಂಸ ಮುಗಿದು ಸಿಹಿಗೆಣಸಿನ ಪೈ ಬಂದಾಗ ಟ್ವೈಲಾ ಎದ್ದು ಮೈಕ್ ಹಿಡಿದಳು. ಅವಳು ಮೈಕ್ ಮುಟ್ಟಿದ್ದನ್ನು ನಾನು ಕಂಡೇ ಇರಲಿಲ್ಲ. "ಡಿಸೆಂಬರ್ ದಾಟಿದ್ರೆ ಯಾರ್ಯಾರ ರಜೆ ರದ್ದಾಗುತ್ತೆ? ಕೈ ಎತ್ತಿ" ಎಂದಳು. ಆಸ್ಪತ್ರೆಯ ಲೆಕ್ಕದವರು, ವಾಯುನೆಲೆಯವರು, ಎಂಜಿನಿಯರ್ ಕಚೇರಿಯವರು, ಅರ್ಧ ಸಭೆ ಕೈ ಎತ್ತಿತು. ಲೆಕ್ಕದ ವರ್ಷದ ಕೊನೆಯಲ್ಲಿ ನಮ್ಮವರು ಯಾರೂ ರಜೆ ಹಾಕುವುದಿಲ್ಲವಲ್ಲ. "ನಾಚಿಕೆ ಆಗ್ಬೇಕು ನಿಮಗೆ! ಅವಧಿ ಮುಗಿಯೋಕೆ ಮುಂಚೆ ಖರ್ಚು ಮಾಡಿ, ಖರ್ಚು ಮಾಡಿ ಅಂತ ಸೈನ್ಯಕ್ಕೆಲ್ಲ ಉಪದೇಶ ಮಾಡ್ತೀರ. ನಿಮ್ಮದೇ ರಜೆ ಕೊಳೀತಿದೆ" ಎಂದಳು. ಸಭೆ ನಕ್ಕಿತು. ಆಮೇಲೆ ಅವಳು ನಿಮ್ಮಪ್ಪನ ವಿಷಯ ಹೇಳಿದಳು. ರದ್ದಾಗುವ ಆ ರಜೆಯನ್ನು ನನ್ನ ಹೆಸರಿಗೆ ಬರೆದುಕೊಡುವಂತೆ ಕೇಳಿದಳು.

ಮೊದಲು ಎದ್ದವರು ಯಾರು ಗೊತ್ತೇ? ವಾಯುನೆಲೆಯ ಬಜೆಟ್ ನೋಡುವ ಗಾರ್ಲಂಡ್ ಸ್ಟ್ರೌಡ್. ರಸ್ತೆ ರಿಪೇರಿಯ ಖರ್ಚು ಅವರದೋ ನಮ್ಮದೋ ಎಂದು ಸೆಪ್ಟೆಂಬರ್ ಪೂರ್ತಿ ನಾವಿಬ್ಬರೂ ಫೋನಿನಲ್ಲಿ ಕಿತ್ತಾಡಿದ್ದೆವು. ನಾನು ಅವರ ಫೋನನ್ನು ಮುಖಕ್ಕೆ ಹೊಡೆದಂತೆ ಇಟ್ಟದ್ದೂ ಉಂಟು. ಅವರು ನೇರ ನನ್ನ ಮೇಜಿಗೆ ಬಂದು, "ನೀನು ನನ್ನ ಬಾಸ್ ಅಲ್ಲ ತಾನೇ?" ಎಂದರು. ದೇವರ ದಯೆಯಿಂದ ಅಲ್ಲ ಎಂದೆ. "ಹಾಗಾದ್ರೆ ಯಾವ ನಿಯಮವೂ ನನ್ನನ್ನ ತಡಿಯಲ್ಲ. ತಿಂಗಳಿಡೀ ನನ್ನಿಂದ ಒಂದು ಕಾಸು ಕೀಳೋಕೆ ನಿನ್ನ ಕೈಲಾಗ್ಲಿಲ್ಲ. ಈಗ ನಾನಾಗೇ ಕೊಡ್ತಿದೀನಿ. ಬಾಯಿ ಮುಚ್ಕೊಂಡು ತಗೋ" ಎಂದರು. ಅವರ ಹಿಂದೆ ಸಾಲು ನಿಂತಿತು. ಕೆಲವರ ಹೆಸರೂ ನನಗೆ ಗೊತ್ತಿರಲಿಲ್ಲ. ಕೈಕೆಳಗಿನವರಿಂದ ಒಂದು ಕಪ್ ಕಾಫಿಯನ್ನೂ ತೆಗೆದುಕೊಳ್ಳದೆ ಇಷ್ಟು ವರ್ಷ ಬದುಕಿದವಳು ನಾನು. ಪಡೆಯುವುದು ಹೇಗೆಂದು ತಿಳಿಯದೆ ಕೈಯಲ್ಲಿ ಪೈ ತಟ್ಟೆ ಹಿಡಿದೇ ನಿಂತಿದ್ದೆ. ಇವತ್ತು ಲೆಕ್ಕ ನೋಡಿದವರು ಹೇಳಿದರು, ಡರ್ಹಮ್‌ನ ಅವಧಿಗೆ ಸಾಕಾಗಿ ಮಿಗುತ್ತದಂತೆ.

ನನ್ನ ವಿಭಾಗದವರು ಸುಮ್ಮನಿದ್ದಾರೆಂದುಕೊಳ್ಳಬೇಡ. ಶನಿವಾರಗಳಲ್ಲಿ ಸರದಿಯಂತೆ ಡರ್ಹಮ್‌ಗೆ ಬಂದು ಅಪ್ಪನ ಹತ್ತಿರ ಕೂರುತ್ತಾರಂತೆ, ನಾನು ಮಲಗಲೆಂದು. ಬೇಡ ಅಂದೆ. "ಶನಿವಾರ ನಮ್ಮದು, ಮಿಸ್ ಒಡೆಸ್ಸಾ. ಅದನ್ನ ಬಾಸ್‌ಗೆ ಕೊಡ್ಬಾರ್ದು ಅಂತ ಎಲ್ಲಿ ಬರೆದಿದೆ, ತೋರಿಸಿ" ಎಂದಳು ಟ್ವೈಲಾ. ನಾನು ಹುಡುಕಿದೆ ಕಣೇ. ಎಲ್ಲೂ ಬರೆದಿಲ್ಲ. ಅಪ್ಪ ಇದನ್ನು ಕೇಳಿ, ಶಾಲೆಯಲ್ಲಿ ಮರಗೆಲಸ ಕಲಿಸುವಾಗ ನಗುತ್ತಿದ್ದರಲ್ಲ, ಹಾಗೆ ಜೋರಾಗಿ ನಕ್ಕರು. ಆ ನಗು ಕೇಳಿ ಬಹಳ ದಿನವಾಗಿತ್ತು.

ಅಪ್ಪ ನಿನ್ನನ್ನು ನೆನೆಯದ ಹೊತ್ತಿಲ್ಲ. ಚರ್ಚಿನವರೆಲ್ಲ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ದೇವರು ನಿನ್ನ ಬೆನ್ನಿಗಿರಲಿ, ಹೊಟ್ಟೆ ತುಂಬಾ ತಿನ್ನು.

ನಿನ್ನ ಅಮ್ಮ,
ಒಡೆಸ್ಸಾ ಪ್ರುಯಿಟ್

ಮರೆತ ಮಾತು: ಲಕೋಟೆ ಅಂಟಿಸುವಾಗ ಡರ್ಹಮ್‌ನಿಂದ ಫೋನ್ ಬಂತು. ಹಾಸಿಗೆ ಖಾಲಿಯಾಗಿದೆ, ಸೋಮವಾರ ಬೆಳಿಗ್ಗೆ ಬನ್ನಿ ಎಂದರು. ಜೊತೆಗಿರುವವರು ಯಾರು ಎಂದು ಕೇಳಿದರು. ಹೆಂಡತಿ ಎಂದೆ, ಅವರು ಬರೆದುಕೊಂಡರು. ನೀನು ವರ್ಗಾವಣೆಗೆ ಅರ್ಜಿ ಹಾಕಬೇಡ. ಹಾಕಿದ್ದರೆ ವಾಪಸ್ ತೆಗೆದುಕೋ. ನೀನು ಕೆಲಸ ಬಿಟ್ಟು ಬಂದರೆ ತಾನು ಗುಣವಾಗುವುದೇ ಇಲ್ಲ ಎಂದು ಅಪ್ಪ ಹೆದರಿಸುತ್ತಿದ್ದಾರೆ. ನನಗೆ ಭಯ ಇಲ್ಲ ಅಂದರೆ ಸುಳ್ಳು. ಆದರೆ ಅವರು ಕಣ್ಣು ಬಿಟ್ಟಾಗಲೆಲ್ಲ ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ.