ಒಂದು ಕಿವಿಯ ಅರಳೆ

ಮಕ್ತಲ್
ಸೋಮವಾರ, ೯ ಜೂನ್ ೨೦೨೫

ಪ್ರೀತಿಯ ಮಗ ಗುರುಪ್ರಸಾದನಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯಪ್ಪಾ? ಆ ಟೈಲ್ಸ್ ಅಂಗಡಿಯ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿದೆ ಎಂದು ಹಂಪಣ್ಣ ಮಾವ ಹೇಳಿದ. ಮಲಗುವ ಮುಂಚೆ ಬಿಸಿನೀರು ಕುಡಿ, ಮೊಸರು ಬಿಡು. ಹೈದರಾಬಾದಿನಲ್ಲಿ ನಿನಗೆ ಯಾರು ರೊಟ್ಟಿ ಬಡಿದು ಕೊಡುತ್ತಾರೆ? ಮಾವನ ಕೈಯಲ್ಲಿ ಈ ಕಾಗದದ ಜೊತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ. ನನ್ನ ಮೇಲಿನ ಸಿಟ್ಟನ್ನು ರೊಟ್ಟಿಯ ಮೇಲೆ ತೋರಿಸಬೇಡ. ನೀನು ನನ್ನ ಫೋನು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯಲ್ಲಿ ನಿನಗೆ ತೆಲುಗು ಕಲಿಸಿದರು, ಕನ್ನಡ ಕಲಿಸಿದವಳು ನಾನು. ಓದಲು ಬರುವುದಿಲ್ಲ ಎಂದು ನೆಪ ಹೇಳುವ ಹಾಗಿಲ್ಲ.

ನಿನ್ನ ಮಗಳು ಚೆನ್ನಾಗಿದ್ದಾಳೆ. ನಿನ್ನದೇ ಹಣೆ, ನಿನ್ನದೇ ಹಟ. ಅಳಲು ಶುರುಮಾಡಿದರೆ ಓಣಿಯೇ ಎದ್ದು ಕೂರುತ್ತದೆ. ನಿನ್ನ ಹೆಂಡತಿ ಬಸವೇಶ್ವರಿಗೆ ಇಲ್ಲೇ ಹತ್ತಿರದ ಮದ್ದೂರಿನ ತವರಿನಲ್ಲಿ ತಾಯಿಯಿಲ್ಲ, ಹಾಗಾಗಿ ಚೊಚ್ಚಲ ಬಾಣಂತನವೂ ನನ್ನ ಪಾಲಿಗೇ ಬಂತು. ಹೊರಸಿನ ಕೆಳಗೆ ಕೆಂಡ, ತಲೆಗೆ ಬಟ್ಟೆ, ಎರಡೂ ಕಿವಿಗೆ ಅರಳೆ, ಯಾವುದರಲ್ಲೂ ನಾನು ಕಡಿಮೆ ಮಾಡಿಲ್ಲ. ಬಾಣಂತಿ ಓದಿದರೆ ಕಣ್ಣು ಮಂಜಾಗುತ್ತದೆ ಎಂದು ಪುಸ್ತಕ ಮಾತ್ರ ಮುಟ್ಟಗೊಡಲಿಲ್ಲ. ಆಗ ಮಲ್ದಕಲ್ಲಿನ ಭಾಗ್ಯ, ಇವಳ ಜೊತೆಗೆ ಎಂ.ಎಸ್ಸಿ. ಓದುವ ಹುಡುಗಿ, ಪಾಠವನ್ನೆಲ್ಲ ತಾನೇ ಓದಿ ಫೋನಿಗೆ ಕಳಿಸತೊಡಗಿದಳು. ಅರಳೆ ತುಂಬಿದ ಕಿವಿಗೆ ಪಾಠ ಕೇಳುವುದು ಹೇಗೆ? ಯೋಚನೆ ಮಾಡಿ ಒಂದು ಕಿವಿಯ ಅರಳೆ ತೆಗೆಸಿದೆ, ಇನ್ನೊಂದರಲ್ಲಿ ಹಾಗೇ ಬಿಟ್ಟೆ. ಶಾಸ್ತ್ರವೂ ಉಳಿಯಿತು, ಪಾಠವೂ ನಡೆಯಿತು. ಇವಳು ಕೂಸಿಗೆ ಹಾಲು ಕುಡಿಸುತ್ತ ಆ ಇಂಗ್ಲಿಷ್ ಕೆಮಿಸ್ಟ್ರಿಯನ್ನು ಗುಣುಗುಣು ಎನ್ನುತ್ತಿದ್ದಳು, ನಿನ್ನ ಮಗಳು ಅದನ್ನೇ ಜೋಗುಳ ಎಂದುಕೊಂಡು ನಿದ್ದೆ ಹೋಗುತ್ತಿದ್ದಳು.

ಐದು ತಿಂಗಳ ಬಸುರಿಯ ಮುಂದೆ ನಿಂತು, "ಕಾಲೇಜೋ ನಾನೋ, ಒಂದು ಹೇಳು" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೋದವನಿಗೆ ಆಮೇಲಿನದು ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ ಕೇಳು. ಇವಳು ಒಂದು ದಿನವೂ ಗದ್ವಾಲದ ಕಾಲೇಜಿಗೆ ಹೋಗುವ ಬಸ್ಸು ತಪ್ಪಿಸಲಿಲ್ಲ. ಲ್ಯಾಬಿನ ಆಸಿಡ್ ವಾಸನೆಗೆ ಹೊರಗೆ ಓಡಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಮತ್ತೆ ಒಳಗೆ ಹೋಗುತ್ತಿದ್ದಳಂತೆ. ಎಂಟರಲ್ಲಿ ಹೊಟ್ಟೆ ಮೇಜಿಗೆ ತಾಗುತ್ತದೆಂದು ಅಡ್ಡ ನಿಂತು ಪ್ರಾಕ್ಟಿಕಲ್ ಮಾಡಿದ್ದಾಳೆ. ಬಸ್ಸಿನಲ್ಲಿ ಯಾರಾದರೂ "ಮೀ ಆಯನ ಎಕ್ಕಡಮ್ಮಾ?" ಎಂದು ತೆಲುಗಿನಲ್ಲಿ ಗಂಡನೆಲ್ಲಿ ಅಂತ ಕೇಳಿದರೆ, ಊರಲ್ಲೇ ಇದ್ದಾರೆ ಎನ್ನುತ್ತಿದ್ದಳು. ಇದನ್ನು ಹೇಳಿದ್ದೂ ಭಾಗ್ಯಳೇ. ಕೇಳಿ ನನಗೆ ಊಟ ಸೇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಗುರುವಾರ ಹಂಪಣ್ಣ ಹೈದರಾಬಾದಿನಲ್ಲಿ ನಾರಾಯಣಪೇಟೆ ಸೀರೆ ಗಂಟು ಮಾರಿ ಬರುವಾಗ ನಿನ್ನ ಮಾತನ್ನೂ ಹೊತ್ತು ತಂದ. ಕೂಸಿನ ತೊಟ್ಟಿಲ ಶಾಸ್ತ್ರ ಹದಿನೆಂಟನೇ ತಾರೀಕು ಬುಧವಾರ ಇಡಬೇಕು, ಅವತ್ತು ಅವಳು ಕೂಸಿನ ಹತ್ತಿರ ಕೂತಿದ್ದರೆ ನೀನು ಮನೆಗೆ ವಾಪಸು ಬರುತ್ತೀ, ಇಲ್ಲದಿದ್ದರೆ ಇಲ್ಲವಂತೆ. ಅದೇ ಬುಧವಾರ ಅವಳ ಕೊನೆಯ ಸೆಮಿಸ್ಟರಿನ ಮೊದಲ ಪೇಪರು. ನಿನಗೆ ಗೊತ್ತಿಲ್ಲದೆ ಆ ದಿನವೇ ಸಿಕ್ಕಿತು ಎಂದು ನಾನು ನಂಬಬೇಕೇನು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಮಾತು ಕೇಳಿದಾಗಿನಿಂದ ಇವಳು ಖಾಲಿ ಬಿಟ್ಟಿದ್ದ ಕಿವಿಗೂ ಅರಳೆ ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಾಳೆ. ಭಾಗ್ಯಳ ಫೋನು ಬಡಿದುಕೊಂಡರೂ ಎತ್ತುವುದಿಲ್ಲ. ಕೇಳಿದರೆ, "ಬಿಡ್ರಿ ಅತ್ತಿ, ಅವರು ಬರ್ತಾರಂದ್ರ ಅಷ್ಟ ಸಾಕು. ಪರೀಕ್ಷಿ ಮುಂದಿನ ವರ್ಷ ಬರಿಯಾಕ ಬರ್ತೈತಿ" ಎನ್ನುತ್ತಾಳೆ. ಕೂಸು ಕಟ್ಟಿಕೊಂಡ ಹೆಂಗಸಿಗೆ ಆ ಮುಂದಿನ ವರ್ಷ ಬಂದದ್ದನ್ನು ನಾನಂತೂ ಕಂಡಿಲ್ಲ.

ನೀನು ನನಗೆ ಬೇಡವಾಗಿದ್ದೀ ಎಂದು ತಿಳಿಯಬೇಡ. ಬಾಗಿಲು ಸಪ್ಪಳವಾದರೆ ಈಗಲೂ ನೀನೇ ಎಂದು ಎದ್ದು ನೋಡುತ್ತೇನೆ. ಆದರೆ ನಿನ್ನ ಅಪ್ಪ ಸತ್ತು ನನ್ನನ್ನು ಒಂಟಿ ಮಾಡಿದ, ನೀನು ಬದುಕಿದ್ದೇ ಅವಳನ್ನು ಒಂಟಿ ಮಾಡಿದೆ. ಈಗ ಅವಳ ಎರಡು ವರ್ಷದ ಓದನ್ನು ಕೊಟ್ಟು ನಿನ್ನನ್ನು ಕೊಂಡು ತರಬೇಕೇನು? ಮೇಲಾಗಿ, "ಬಾಣಂತಿ ಹೊಳಿ ದಾಟಬಾರ್ದು ಅಂತ ಅವ್ವಗ ಗೊತ್ತಿಲ್ಲೇನು" ಎಂದೂ ಹೇಳಿ ಕಳಿಸಿದ್ದೀ. ಶಾಸ್ತ್ರ ಹೇಳಲು ನಾನಿನ್ನೂ ಬದುಕಿದ್ದೇನೆ. ಅನಿವಾರ್ಯವಾದರೆ ಹೊಳೆಯ ತಾಯಿ ಕೃಷ್ಣವ್ವಗೆ ಅರಿಶಿಣ ಕುಂಕುಮ, ಕಾಯಿ ಕೊಟ್ಟು ದಾಟಬೇಕೆಂದು ನನ್ನ ಅತ್ತೆ ಹೇಳಿಕೊಟ್ಟಿದ್ದಾಳೆ. ಗದ್ವಾಲದ ದಾರಿಯ ಜುರಾಲ ಅಣೆಕಟ್ಟೆಯ ಮೇಲೆ ಅಷ್ಟು ಹೊತ್ತು ಗಾಡಿ ನಿಲ್ಲಿಸಿದರಾಯಿತು.

ಕೆಮ್ಮಿಗೆ ಔಷಧಿ ತೆಗೆದುಕೊ. ಬಿಸಿಲಿನಲ್ಲಿ ತಿರುಗಬೇಡ. ಶಿವ ನಿನಗೆ ಆಯುಷ್ಯವನ್ನೂ ಅದರ ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅವ್ವ,
ಅಮರಮ್ಮ

ತಾ.ಕ.: ಹಂಪಣ್ಣ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾನೆ. ಹದಿನೆಂಟಕ್ಕೆ ತೊಟ್ಟಿಲು ಇಲ್ಲ. ಪರೀಕ್ಷೆ ಎಲ್ಲ ಮುಗಿದ ಮೇಲೆ ಇಡುತ್ತೇವೆ, ಸ್ವಾಮಿಗಳಿಗೂ ಹೇಳಿಯಾಯಿತು. ಹದಿನೆಂಟರ ಬೆಳಿಗ್ಗೆ ಯಲ್ಲಯ್ಯನ ಆಟೊದಲ್ಲಿ ಬಸವೇಶ್ವರಿಯನ್ನೂ ಕೂಸನ್ನೂ ನಾನೇ ಗದ್ವಾಲಕ್ಕೆ ಕರೆದುಕೊಂಡು ಹೋಗುತ್ತೇನೆ. ಅವಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅಳುತ್ತಾಳೆ, ಅತ್ತರೂ ಆಟೊ ಹತ್ತಿಸುತ್ತೇನೆ. ಮಕ್ತಲಿಗೆ ಬಂದರೆ ಮನೆಗೆ ಬೀಗ ಇರುತ್ತದೆ. ಬರುವುದಾದರೆ ಸೀದಾ ಕಾಲೇಜಿನ ಗೇಟಿಗೆ ಬಾ. ನನ್ನ ಮಂಡಿಗೆ ಕೂಸನ್ನು ಅಷ್ಟು ಹೊತ್ತು ಎತ್ತಿಕೊಂಡು ನಿಲ್ಲಲಾಗುವುದಿಲ್ಲ. ಅವಳು ಒಳಗೆ ಬರೆದು ಬರುವ ತನಕ ನೀನು ಎತ್ತಿಕೊ. ಎತ್ತಿಕೊಂಡರೆ ತೊಟ್ಟಿಲ ದಿನ ನಾಲ್ಕು ಮಂದಿಯ ಮುಂದೆ ಅಪ್ಪನ ಮಣೆ ನಿನ್ನದು. ಇಲ್ಲದಿದ್ದರೆ ವಿಧವೆ ಎಂದು ಯಾರು ಏನೇ ಅನ್ನಲಿ, ಆ ಮಣೆಯ ಮೇಲೆ ನಾನು ಕೂರುತ್ತೇನೆ.