ಹಲಬರ್ಗಾ ಅಗಸಿಯ ಎಡಗಡೆ

ಮೈಲೂರ, ಬೀದರ
ಗುರುವಾರ, 28 ಆಗಸ್ಟ್ 2025

ಪ್ರೀತಿಯ ಅವ್ವಾ,

ಜೈ ಭೀಮ. ಹೇಗಿದ್ದೀ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಬಾಣಂತಿಯ ಸೇವೆಯಲ್ಲಿ ನಿನ್ನ ನೋವನ್ನೇ ಮರೆತಿದ್ದೀಯೋ? ಮಾಮನ ಮಗಳು ಮಹಾಮಾಯಾಳ ಕೂಸು ರಾತ್ರಿಯೆಲ್ಲ ಅಳುತ್ತದೆಯಂತೆ. ನಿನಗೇನು, ಕೇಳಿಸುವುದೇ ಇಲ್ಲ, ಆರಾಮಾಗಿ ಮಲಗುತ್ತೀ. ಫೋನು ಕಿವಿಗೆ ಒತ್ತಿ ಹಿಡಿದರೂ ಕೇಳಿಸದ ನಿನಗೆ ಪತ್ರವೇ ಗತಿ. ಮಳೆಗೆ ಬಸ್ಸುಗಳು ನಿಂತಿವೆ. ನಿಮ್ಮ ಓಣಿಯ ಬಕ್ಕಪ್ಪ ಹೆಂಡತಿಯನ್ನು ದವಾಖಾನೆಗೆ ತೋರಿಸಲು ಬಂದಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಹಳೆ ಮನೆ ಬಿಟ್ಟು ಎಲ್ಲರೂ ಹೊಸ ಮನೆಗೆ ಹೋಗಿರೆಂದು ನಾನು ಹೋದ ವಾರ ಮಾಣಿಕ ಮಾಮನ ಹತ್ತಿರ ಹಟ ಹಿಡಿದದ್ದು ಯಾಕೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ನಮ್ಮ ಗ್ರಂಥಾಲಯಕ್ಕೆ ನೂರೈವತ್ತು ವರ್ಷದ ಹಿಂದಿನ ಫೋಟೋಗಳು ಬಂದಿವೆ. ಕಾಗದದವಲ್ಲ, ಗಾಜಿನ ಹಲಗೆಗಳು. ಒಂದೊಂದನ್ನೇ ಧೂಳು ಒರೆಸಿ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಅದರಲ್ಲೊಂದು ನಮ್ಮ ಹಲಬರ್ಗಾದ್ದು, ಬರಗಾಲದ ವರ್ಷದ್ದು. ಊರ ಹೊರಗೆ ನಿಂತು ತೆಗೆದದ್ದು, ನಡುವೆ ಊರ ಹೆಬ್ಬಾಗಿಲು, ನಮ್ಮ ಅಗಸಿ. ಹೊರಗಿನಿಂದ ನೋಡಿದರೆ ಅದರ ಎಡಕ್ಕೆ ಈಗ ಮಾಮನ ಹಳೆ ಮನೆ, ಬಲಕ್ಕೆ ಹೊಸದು ಇದೆಯಲ್ಲ, ಆಗ ಎರಡೂ ಕಡೆ ಬಯಲು. ಎಡಗಡೆ ಬಯಲಿನಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವುಗಳು ಬಾಯಿ ತೆರೆದಿವೆ, ಇಳಿದ ಆಳು ಕಾಣದಷ್ಟು ಆಳ. ಬಲಗಡೆ ನುಚ್ಚು ಉಣ್ಣಲು ಕುಳಿತ ಜನ, ಬರೀ ಎಲುಬು. ಆಗಿನ ಕ್ಯಾಮೆರಾದ ಮುಂದೆ ಅಲುಗಾಡುವಂತಿರಲಿಲ್ಲ. ಅಷ್ಟು ಹಸಿದವರನ್ನು ತುತ್ತು ಎತ್ತಿದ ಕೈಯಲ್ಲೇ ತಡೆದು ಕೂರಿಸಿದ್ದಾರೆ. ಅವತ್ತು ನನಗೆ ಊಟ ಸೇರಲಿಲ್ಲ.

ಆ ಹಗೇವುಗಳನ್ನು ಯಾರೂ ತುಂಬಲಿಲ್ಲ, ಮೇಲೆ ಕಲ್ಲು ಹಾಸಿ ಮಣ್ಣು ಎಳೆದರಷ್ಟೆ ಎಂದು ಮಾಮ ತಮ್ಮ ಅಜ್ಜನಿಂದ ಕೇಳಿದ್ದರಂತೆ. ಯಾವ ಕಡೆ ಎಂಬುದು ಮಾತ್ರ ಯಾರಿಗೂ ನೆನಪಿಲ್ಲ. ಈ ಮಳೆಗೆ ಚಿಂತಾಕಿಯಲ್ಲಿ ಅಂಥದೊಂದು ಕುಸಿದು ಕಟ್ಟಿದ ಎಮ್ಮೆಯನ್ನೇ ನುಂಗಿತು. ಫೋಟೋದ ಪ್ರಕಾರ ಹಗೇವುಗಳು ಹಳೆ ಮನೆಯ ಕೆಳಗೇ ಎಂದು ಕೂಡಲೇ ಮಾಮನಿಗೆ ಫೋನು ಮಾಡಿದೆ. ನೀವು ಮನೆ ಬದಲಿಸಿದ ಮೇಲೆಯೇ ನಾನು ನಿದ್ದೆ ಮಾಡಿದ್ದು. ನಿನ್ನೆ ಮಾಮ, "ಹೊಸ ಮನಿ ನೆಲ ಕಾಲಿಟ್ರ ಡಬ್ ಡಬ್ ಅಂತದ ನೋಡು," ಅಂದರು. ಹೊಸ ಫರಸಿ, ಮಳೆಗೆ ಹಾಗಾಗುತ್ತದೆ ಎಂದು ಸಮಾಧಾನ ಹೇಳಿದೆ. "ಸಾಲಿ ಕಲ್ತಾಕಿ ನೀ ಹೇಳಿದ ಮ್ಯಾಲ ಇನ್ನೇನದ," ಎಂದು ನಕ್ಕು ಫೋನಿಟ್ಟರು.

ಮಾಮನಿಗೆ ನನ್ನ ಜೈ ಭೀಮ ಹೇಳು, ಕೂಸಿಗೊಂದು ಮುತ್ತು. ಬುದ್ಧನ ಕರುಣೆ ನಿಮ್ಮೆಲ್ಲರ ಮೇಲಿರಲಿ.

ನಿನ್ನ ಮಗಳು,
ಆಮ್ರಪಾಲಿ

ತಾ.ಕ.: ಅವ್ವಾ, ನಿನಗೆ ತೋರಿಸಲೆಂದು ಆ ಫೋಟೋದ ಪ್ರತಿಯನ್ನು ಲಕೋಟೆಗೆ ಹಾಕುವಾಗ ಈಗ ನೋಡಿದೆ. ನುಚ್ಚು ಉಣ್ಣುವವರು ಎಡಗೈಯಲ್ಲಿ ಉಣ್ಣುತ್ತಿದ್ದಾರೆ. ಒಬ್ಬರಲ್ಲ, ಎಲ್ಲರೂ. ಸ್ಕ್ಯಾನ್ ಮಾಡುವಾಗ ಗಾಜನ್ನು ನಾನು ಮಗುಚಿ ಇಟ್ಟಿದ್ದೇನೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬಂದಿದೆ. ಹಗೇವುಗಳಿರುವುದು ಹೊಸ ಮನೆಯ ಕೆಳಗೆ. ಮಾಮನ ಫೋನು ಬೆಳಗಿನಿಂದ ಹತ್ತುತ್ತಿಲ್ಲ. ಬಕ್ಕಪ್ಪ ಬೈಕು ಚಾಲು ಮಾಡಿ ನಿಂತಿದ್ದಾನೆ, ಹಿಂದೆ ಹೆಂಡತಿ ಇದ್ದಾಳೆ, ನನಗೆ ಜಾಗವಿಲ್ಲ. ಅವನಿಗೂ ಹೇಳಿದ್ದೇನೆ. ಬೇರೆ ಗಾಡಿ ಸಿಕ್ಕ ಕೂಡಲೇ ಬರುತ್ತೇನೆ. ನಿಮ್ಮನ್ನು ಅಲ್ಲಿಗೆ ಕಳಿಸಿದವಳು ನಾನೇ. ಕೂಸನ್ನು ಎತ್ತಿಕೊಂಡು ಹೊರಗೆ ಬಾ ಅವ್ವಾ, ಮೆಲ್ಲಗೆ ಹೆಜ್ಜೆ ಇಡು.