ಹರಿಹರಕ್ಕೆ ಕಳಿಸಿದವಳು ನಾನೇ

ಸರಸ್ವತಿ ನಗರ, ದಾವಣಗೆರೆ
ಗುರುವಾರ

ಯಜಮಾನರಿಗೆ,

ನಿಮ್ಮ ಉಚ್ಚೆಂಗೆಮ್ಮ ಮಾಡುವ ನಮಸ್ಕಾರ. ಈ ಕಾಗದವನ್ನು ನಿಮ್ಮ ತಮ್ಮ ಬಕ್ಕೇಶ ಓದಿ ಹೇಳುತ್ತಾನೆ. ಬಕ್ಕೇಶಾ, ಒಂದು ಸಾಲನ್ನೂ ನುಂಗಬೇಡಪ್ಪ. ನಿನ್ನಣ್ಣನಿಗೆ ಮಾತು ಹೋಗಿದೆಯೇ ಹೊರತು ತಿಳಿವಳಿಕೆ ಹೋಗಿಲ್ಲ.

ಫೋನಿನಲ್ಲಿ ನನ್ನ ದನಿ ಕೇಳಿದರೆ, ಉತ್ತರ ಕೊಡಲಾಗದೆ ನೀವು ಅಳುತ್ತೀರಂತೆ. ಅದಕ್ಕೇ ಬರೆಯುತ್ತಿದ್ದೇನೆ. ಬೆರಳು ಕೇಳುವುದಿಲ್ಲ, ದಿನಕ್ಕೆ ಐದಾರು ಸಾಲಿನಂತೆ ಬರೆದು ಮುಗಿಸಲು ವಾರ ಹಿಡಿಯಿತು.

ಈ ಸಂಧಿವಾತ ನನಗೆ ಗಂಟು ಬಿದ್ದು ಎಂಟು ವರ್ಷವಾಯಿತು. ಸೀರೆಯ ನೆರಿಗೆ ಹಿಡಿಯಲಾಗದೆ ಬಾಗಿಲು ಹಾಕಿಕೊಂಡು ಅತ್ತಿದ್ದೆನಲ್ಲ, ಮಾರನೆಯ ದಿನ ನೀವೇ ಮಂಡಿಯೂರಿ ಕೂತು ನೆರಿಗೆ ಹಿಡಿಯಲು ಕಲಿತಿರಿ. ಮಾತ್ರೆಯ ಜೊತೆ ದಿನಾ ವ್ಯಾಯಾಮ ಬೇಕೆಂದು ಡಾಕ್ಟರು ಹೇಳಿದ್ದನ್ನು ನಾನು ಮರೆತರೂ ನೀವು ಮರೆಯಲಿಲ್ಲ. ಹರಿಹರದ ಕಾರ್ಖಾನೆಗೆ ಮೊದಲ ಪಾಳಿಗೆ ಹೊರಡುವ ಮುಂಚೆ ಬೋಗುಣಿಯ ಬಿಸಿನೀರಿನಲ್ಲಿ ನನ್ನ ಕೈ ಅದ್ದಿಸಿ, "ಮುಷ್ಟಿ ಬಿಗಿ, ಬಿಡು. ಇನ್ನೊಂದ್ ಸಲ. ನೋವು ಐತೆ ಅಂತ ಸುಮ್ನೆ ಬಿಟ್ರೆ ತುಕ್ಕು ಹಿಡೀತೈತೆ" ಎನ್ನುತ್ತಿದ್ದಿರಿ. "ನನ್ ಕೈಯೇನು ನಿಮ್ ಮಿಷನ್ನೇನ್ರಿ?" ಎಂದು ನಾನು ಬೈದರೂ ನಗುತ್ತಿದ್ದಿರಿ. ನೋವು ಪೂರ್ತಿ ಹೋಗಲಿಲ್ಲ, ಆದರೆ ಮತ್ತೆ ರೊಟ್ಟಿ ತಟ್ಟುವಂತಾದೆ.

ಕಳೆದ ಕಾರ್ತಿಕದಲ್ಲಿ ನಿಮಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲಿನ ಜೊತೆ ಮಾತೂ ಹೋಯಿತು. ನಿಮ್ಮ ಆರೈಕೆಯಲ್ಲಿ ನನ್ನ ವ್ಯಾಯಾಮ ನಿಂತಿತು. ಆ ಸೋಮವಾರ ಬೆಳಿಗ್ಗೆ ಬಚ್ಚಲಿಗೆ ಕರೆದೊಯ್ಯುವಾಗ ನನ್ನ ಬೆರಳುಗಳು ತಾವಾಗಿ ಸಡಿಲಿದವು. ನೀವು ಬಿದ್ದಿರಿ. ಎತ್ತಲಾಗದೆ ನಾನೂ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತೆ. ಎದುರು ಮನೆಯ ರುಮಾನಾ ನನ್ನ ಕೂಗು ಕೇಳಿ ಓಡಿ ಬರುವ ತನಕ ನೀವು ಎಡಗೈಯಿಂದ ನನ್ನ ಬೆನ್ನು ಸವರುತ್ತಿದ್ದಿರಿ.

ಈಗ ನಿಜ ಹೇಳುತ್ತೇನೆ. ಬಕ್ಕೇಶ ತಾನಾಗಿ ಬಂದು ನಿಮ್ಮನ್ನು ಹರಿಹರದ ತನ್ನ ಮನೆಗೆ ಕರೆದೊಯ್ದ ಎಂದುಕೊಂಡಿದ್ದೀರಿ. ಅಲ್ಲ. ಅವತ್ತು ಮಧ್ಯಾಹ್ನ ನಾನೇ ಫೋನು ಮಾಡಿ, "ನನ್ ಕೈಲಿ ಆಗಲ್ಲಪ್ಪ, ನಿಮ್ಮಣ್ಣನ್ನ ಕರ್ಕೊಂಡು ಹೋಗು" ಎಂದೆ. ಕಾರಿನೊಳಗಿಂದ ನೀವು ನನ್ನನ್ನೇ ನೋಡುತ್ತಿದ್ದಾಗ ಏನೂ ಗೊತ್ತಿಲ್ಲದವಳಂತೆ ಸೆರಗು ಸರಿಮಾಡಿಕೊಂಡೆ. ಆ ನೋಟದಿಂದ ಇನ್ನೂ ತಪ್ಪಿಸಿಕೊಳ್ಳಲಾಗಿಲ್ಲ.

ನೀವು ಹೋದ ಮೇಲೆ ಗ್ಯಾಸ್ ಒಲೆಯ ಗುಂಡಿ ತಿರುಗಿಸಲಾಗದೆ ಎರಡು ದಿನ ಬರೀ ಮಂಡಕ್ಕಿ ತಿಂದೆ. ಮಾತಿಲ್ಲದ ನೀವು ಇದ್ದಾಗ ಮನೆ ಇಷ್ಟು ಖಾಲಿ ಅನ್ನಿಸಿರಲಿಲ್ಲ. ಮತ್ತೆ ಒಲೆ ಹಚ್ಚುವಂತಾದ ಮೇಲೂ ಟೀ ಆಯಿತೆಂದು ಕೋಣೆಯತ್ತ ಕೂಗಿ, ಆಮೇಲೆ ನೆನಪಾಗಿ ಅಡುಗೆಮನೆಯಲ್ಲೇ ನಿಂತುಬಿಡುತ್ತಿದ್ದೆ.

ರುಮಾನಾ ಫಿಸಿಯೋಥೆರಪಿ ಓದುತ್ತಿದ್ದಾಳಲ್ಲ, ಅವಳೇ ಒಂದು ದಿನ ನನ್ನೆದುರು ಕೂತು, "ಆಂಟಿ, ಬೆರಳಿಂದ ಎಳೀಬಾರ್ದು. ಅಂಕಲ್ ಸೊಂಟಕ್ಕೆ ಪಟ್ಟಿ ಕಟ್ಟಿ, ತೋಳು ಕೊಟ್ಟು ಎತ್ಬೇಕು. ಅದ್ಕೆ ನಿಮ್ ಕಾಲಿಗೆ ಶಕ್ತಿ ಬೇಕ್ರಿ. ಮೊದ್ಲು ನೀವು ಏಳ್ರಿ" ಎಂದಳು. ಅಂದಿನಿಂದ ಕುರ್ಚಿಯಿಂದ ಎದ್ದು ಕೂರುತ್ತೇನೆ. ಮೊದಲ ದಿನ ಮೂರು ಸಲಕ್ಕೆ ಮಂಡಿ ಅತ್ತುಬಿಟ್ಟಿತು. ನಿನ್ನೆ ಗೋಡೆ ಹಿಡಿಯದೆ ಹತ್ತು ಸಲ ಎದ್ದೆ. ನೋಡಲು ಯಾರೂ ಇರಲಿಲ್ಲ. ನಾನೊಬ್ಬಳೇ ನಿಮ್ಮನ್ನು ಎತ್ತಬಾರದೆಂದು ಅವಳು ಕಟ್ಟುನಿಟ್ಟಾಗಿ ಹೇಳಿದ್ದಾಳೆ. ಬೆಳಿಗ್ಗೆ ಸಂಜೆ ತಾನೂ ಬರುತ್ತಾಳಂತೆ. ಬೆರಳಂತೂ ಸೊಟ್ಟಗೇ ಇವೆ, ನೋವೂ ಇದೆ. ಸುಳ್ಳು ಭರವಸೆ ಕೊಡಲಾರೆ.

ಭಾನುವಾರ ಬಸ್ಸಿಗೆ ಹರಿಹರಕ್ಕೆ ಬರುತ್ತೇನೆ. "ಮನೆಗೆ ಬರ್ತೀರೇನ್ರಿ?" ಎಂದು ಕೇಳುತ್ತೇನೆ. ಮನಸ್ಸಿದ್ದರೆ ತಲೆಯಾಡಿಸಿ. ಸಿಟ್ಟಿದ್ದರೆ ಗೋಡೆಯ ಕಡೆ ತಿರುಗಿಕೊಳ್ಳಿ. ನೀವು ಈ ಕಡೆ ತಿರುಗುವ ತನಕ ಕೂತಿರುತ್ತೇನೆ, ಕೊನೆಯ ಬಸ್ಸು ಹೋದರೂ ಸರಿ.

ದುಗ್ಗಮ್ಮ ತಾಯಿ ಅಲ್ಲಿಯವರೆಗೆ ನಿಮ್ಮನ್ನು ಕಾಯಲಿ.

ನಿಮ್ಮನ್ನು ಕಳಿಸಿ ತಪ್ಪು ಮಾಡಿದ,
ಉಚ್ಚೆಂಗೆಮ್ಮ